ಕಾಣದ ಗೋಡೆಯತ್ತ ಐವತ್ತು ಮೀಟರು



ನಾರಾಯಣಪುರದಂತಹ ಊರುಗಳಲ್ಲಿ ಕಣ್ಣಿಲ್ಲದ ಹೆಣ್ಣುಮಗುವನ್ನು ಕೆರೆಬಾವಿಗಳ ಬಳಿ ಸುಳಿಯಗೊಡುವುದಿಲ್ಲ. ಅದರಲ್ಲಿ ಮಮತೆಯೂ ಇದೆ, ಭಯವೂ ಇದೆ. ಭಯದ ಪಾಲೇ ಹೆಚ್ಚೆಂದು ನಾವು ಬಲ್ಲೆವು. ಆದರೆ ಅಂತಹ ಹೆಣ್ಣುಮಕ್ಕಳಿಗಾಗಿಯೇ ಅಂತರರಾಷ್ಟ್ರೀಯ ಈಜುಸ್ಪರ್ಧೆಯೊಂದುಂಟು: ಎಸ್ 11 ವರ್ಗದ 50 ಮೀಟರ್ ಫ್ರೀಸ್ಟೈಲ್.

ದೃಷ್ಟಿ ಪೂರ್ಣವಾಗಿ ಅಥವಾ ಬಹುಮಟ್ಟಿಗೆ ಇಲ್ಲದವರ ವರ್ಗವಿದು. ಆದರೂ ಎಲ್ಲರೂ ಕಪ್ಪು ಬಳಿದ ಕನ್ನಡಕವನ್ನು ಧರಿಸಲೇಬೇಕು. ಕಿಂಚಿತ್ ಬೆಳಕು ಕಾಣುವವಳಿಗೆ ಆ ಬೆಳಕಿನ ಲಾಭವೂ ದೊರೆಯಕೂಡದು. ಈ ನಿಯಮ ನಮಗೆ ಬಹಳ ಹಿಡಿಸಿತು. ಪಕ್ಕದ ಹಗ್ಗಕ್ಕೆ ಕೈ ತಗುಲಿದಾಗ ದಿಕ್ಕು ತಿಳಿಯುತ್ತದೆ. ಗೋಡೆ ಸಮೀಪಿಸಿದೊಡನೆ ದಡದ ಸಹಾಯಕರು ಉದ್ದ ಕೋಲಿನ ಮೆತ್ತನೆಯ ತುದಿಯಿಂದ ಮೈಗೆ ತಟ್ಟಿ ಎಚ್ಚರಿಸುತ್ತಾರೆ. ಆ ತಟ್ಟು ತಡವಾದರೆ ತಲೆ ಗೋಡೆಗೆ ಬಡಿದೀತು. ಬೇಗನಾದರೆ ವೇಗ ಕುಗ್ಗಿ ಪದಕ ತಪ್ಪೀತು.

2021ರಲ್ಲಿ ಟೋಕಿಯೋದಲ್ಲಿ ಜರುಗಿದ ಪ್ಯಾರಾಲಿಂಪಿಕ್ಸ್‌ನಲ್ಲಿ ಚೀನದ ಮಾ ಜಿಯಾ ಅರ್ಧ ನಿಮಿಷದೊಳಗೇ ಈ ದೂರವನ್ನು ಕ್ರಮಿಸಿ ಚಿನ್ನ ಗೆದ್ದರು. ಅಲ್ಲಿಗೆ ಭಾರತದಿಂದ ತೆರಳಿದ್ದ ಈಜುಗಾರರಿಬ್ಬರೂ ಪುರುಷರು. ಅವರಲ್ಲೊಬ್ಬರು ಬೆಂಗಳೂರಿನ ನಿರಂಜನ್ ಮುಕುಂದನ್. ಹೆಣ್ಣುಮಕ್ಕಳು ಒಬ್ಬರೂ ಇರಲಿಲ್ಲ.

ಸಾಮರ್ಥ್ಯವಿಲ್ಲವೆಂದೇ? ನೆರೆಯ ಮಹಾರಾಷ್ಟ್ರದ ಕಾಂಚನಮಾಲಾ ಪಾಂಡೆಯವರು ಕಣ್ಣಿಲ್ಲದ ಈಜುಗಾರ್ತಿ. 2017ರಲ್ಲಿ ಬರ್ಲಿನ್ ಸ್ಪರ್ಧೆಗೆ ಹೋದಾಗ ಸಕಾಲಕ್ಕೆ ಸರಕಾರದ ಹಣ ಕೈಸೇರದೆ ಪರದೇಶದಲ್ಲಿ ಪರದಾಡಿದರೆಂದು ಪತ್ರಿಕೆಗಳು ಬರೆದವು. ಅದೇ ವರ್ಷದ ಡಿಸೆಂಬರಿನಲ್ಲಿ ಮೆಕ್ಸಿಕೋದ ವಿಶ್ವ ಚಾಂಪಿಯನ್‌ಷಿಪ್ಪಿನಲ್ಲಿ, ನಾಲ್ಕೂ ಬಗೆಯ ಈಜನ್ನು ಬೇಡುವ 200 ಮೀಟರ್ ಮೆಡ್ಲೆಯಲ್ಲಿ, ಅವರು ಚಿನ್ನದ ಪದಕ ಗೆದ್ದರು.