ಎಲ್ಲ ಮಣ್ಣಿಗೂ ಒಂದೇ ಪಾಯವೇ?



ಸುಲ್ತಾನ್‌ಪೇಟೆಯ ನಮ್ಮ ಮನೆಗೆ ಕಳೆದ ನವೆಂಬರಿನಲ್ಲಿ ಒಂದು ನಮೂನೆ ಬಂತು. ಯಾವ ಕಚೇರಿಯಿಂದ ಎಂಬುದು ಬೇಡ. ಮೇಲೆ 'ಮಕ್ಕಳ ಸ್ನೇಹಿ ಗ್ರಾಮ ಪಂಚಾಯಿತಿ' ಎಂದು ಅಚ್ಚಾಗಿತ್ತು. ಯಾರೋ 'ಗ್ರಾಮ ಪಂಚಾಯಿತಿ' ಎಂಬುದನ್ನು ನೀಲಿ ಪೆನ್ನಿನಿಂದ ಹೊಡೆದು 'ವಾರ್ಡ್' ಎಂದು ಬರೆದಿದ್ದರು. ಕೆಳಗೆ ಪಿಡಿಒ ಸಹಿಯ ಜಾಗ ಹಾಗೇ ಇತ್ತು. ಒಳಗಿನ ಪ್ರಶ್ನೆಗಳಲ್ಲಿ ಒಂದು: ಶಾಲೆಗೆ ಹೋಗುವ ದಾರಿಯಲ್ಲಿ ಜಾನುವಾರು ತೊಟ್ಟಿ ಇದ್ದು, ಅದರ ಸುತ್ತ ಪಾಚಿ ಕಟ್ಟಿದೆಯೇ? ನಮ್ಮ ಬೀದಿಯಲ್ಲಿರುವುದು ಲಗ್ನಪತ್ರಿಕೆ ಅಂಗಡಿಗಳು, ಕಾಗದದ ಗೋದಾಮುಗಳು, ಕೈಗಾಡಿಗಳು, ತಲೆಯ ಮೇಲೆ ಜೋತಾಡುವ ಕೇಬಲ್ಲುಗಳು. ತೊಟ್ಟಿ ನೋಡಬೇಕಾದರೆ ನಾನು ಊರು ಬಿಟ್ಟು ಹೊರಗೆ ಹೋಗಬೇಕು.

ಮೊದಲು ನಕ್ಕೆ. ಆಮೇಲೆ ನಗು ನಿಂತಿತು. ಏಕೆಂದರೆ ಇದೇ ಕೆಲಸವನ್ನು ನಾನೂ ಮಾಡಿದ್ದೇನೆ.

ಸರ್ಕಾರಿ ಎಂಜಿನಿಯರಾಗಿ ಮೂವತ್ತಕ್ಕೂ ಹೆಚ್ಚು ವರ್ಷ ದುಡಿದವನು ನಾನು. ನಮ್ಮಲ್ಲಿ 'ಟೈಪ್ ಡಿಸೈನ್' ಎಂಬುದೊಂದಿತ್ತು. ಬೆಂಗಳೂರಿನಲ್ಲಿ ಒಂದು ನಕಾಶೆ ತಯಾರಾಗುತ್ತದೆ, ಬ್ಲೂಪ್ರಿಂಟು ತಾಲ್ಲೂಕಿಗೆ ಬರುತ್ತದೆ, ನಾವು ಅಳತೆ ಹಾಕಿ ಎಸ್ಟಿಮೇಟು ಕಟ್ಟುತ್ತೇವೆ. ಒಂದೇ ನಕಾಶೆಯ ಮಕ್ಕಳ ಕಟ್ಟಡವನ್ನು ಮೊದಲು ಮಲೆನಾಡಿನಲ್ಲಿ ಕಟ್ಟಿಸಿದೆ, ವರ್ಗವಾದ ಮೇಲೆ ರಾಯಚೂರು ಕಡೆಯ ಎರೆಭೂಮಿಯಲ್ಲೂ ಕಟ್ಟಿಸಿದೆ. ಮಲೆನಾಡಿನಲ್ಲಿ ಚಪ್ಪಟೆ ಆರ್‌ಸಿಸಿ ಮಾಳಿಗೆ ಮೊದಲ ಮಳೆಗಾಲಕ್ಕೇ ಸೋರಿತು. ಎರೆಭೂಮಿಯಲ್ಲಿ ಬೇಸಿಗೆಗೆ ಮಣ್ಣು ಬಿರಿದು, ಮಳೆಗೆ ಉಬ್ಬಿ, ಎರಡನೇ ವರ್ಷ ಗೋಡೆ ಸೀಳಿತು. ಕಿಟಕಿ ಚಿಕ್ಕದು, ಒಳಗೆ ಕಾವಲಿಯ ಶಾಖ. ಮಕ್ಕಳು ಹೊರಗೆ ಬೇವಿನ ಮರದ ಕೆಳಗೆ ಕೂತು ಓದುತ್ತಿದ್ದರು. ಮಣ್ಣು ಪರೀಕ್ಷೆ ಮಾಡಿಸಬೇಕಿತ್ತು. ಮಾಡಿಸಿದರೆ ನಕಾಶೆ ಬದಲಾಗುತ್ತಿತ್ತು, ಬದಲಾದರೆ ಕಡತ ಬೆಂಗಳೂರಿಗೆ ವಾಪಸ್ ಹೋಗುತ್ತಿತ್ತು, ಮಾರ್ಚ್ 31 ದಾಟುತ್ತಿತ್ತು. ಹಾಗಾಗಿ ಸಹಿ ಹಾಕಿದೆ. ಆ ಸಹಿ ನನ್ನದೇ.

ಮಕ್ಕಳ ಹೆಸರಿನಲ್ಲಿ ಇಂದು ನಡೆಯುತ್ತಿರುವುದೂ ಟೈಪ್ ಡಿಸೈನ್ ಕೆಲಸವೇ. ಇದನ್ನು ಹೇಳಲೆಂದೇ ಲೇಖನಿ ಹಿಡಿದಿದ್ದೇನೆ.

ಮೂಲ ಕಾರ್ಯಕ್ರಮದ ಬಗ್ಗೆ ನನಗೆ ತಕರಾರಿಲ್ಲ. ಅದು ನಮ್ಮ ನಾಡಿನ ಹೆಮ್ಮೆ. 1990ರ ದಶಕದಲ್ಲಿ ಕುಂದಾಪುರ ತಾಲ್ಲೂಕಿನಲ್ಲಿ ದುಡಿಯುವ ಮಕ್ಕಳ ಭೀಮಸಂಘದವರು ಮತ್ತು ಊರ ಮಕ್ಕಳು ಸೇರಿ ಮಕ್ಕಳ ಪಂಚಾಯಿತಿ ಕಟ್ಟಿದರು. ಕರಾವಳಿಯಲ್ಲಿ ಮಳೆಗಾಲದ ಹಳ್ಳ ದಾಟುವುದೇ ಶಾಲೆಯ ಮೊದಲ ಪಾಠ. ದೊಡ್ಡವರು ಡಾಂಬರು ರಸ್ತೆ ಕೇಳುವ ಕಡೆ ಮಕ್ಕಳು ಕಾಲುಸಂಕ ಕೇಳಿದರು. ಎಂಜಿನಿಯರಾಗಿ ಹೇಳುತ್ತೇನೆ, ಅದು ಸರಿಯಾದ ಬೇಡಿಕೆ: ಖರ್ಚು ಕಡಿಮೆ, ಉಪಯೋಗ ನಾಳೆಯೇ. ಆ ಅನುಭವದ ಬಲದ ಮೇಲೆ 2006ರಲ್ಲಿ ಸರ್ಕಾರ ರಾಜ್ಯದ ಎಲ್ಲ ಗ್ರಾಮ ಪಂಚಾಯಿತಿಗಳಲ್ಲೂ ಮಕ್ಕಳ ಗ್ರಾಮಸಭೆ ನಡೆಸಬೇಕೆಂದಿತು. ಮುಂದೆ 'ಓದುವ ಬೆಳಕು' ಬಂದು 6ರಿಂದ 18 ವರ್ಷದ ಹಳ್ಳಿ ಮಕ್ಕಳಿಗೆ ಪಂಚಾಯಿತಿ ಗ್ರಂಥಾಲಯದ ಸದಸ್ಯತ್ವ ಉಚಿತವಾಯಿತು. ಉದ್ಯೋಗ ಖಾತ್ರಿಯ ತಾಯಂದಿರ ಕೂಸುಗಳಿಗೆ 'ಕೂಸಿನ ಮನೆ' ಬಂತು. ಎಲ್ಲ ಪಂಚಾಯಿತಿಯಲ್ಲೂ ಚೆನ್ನಾಗಿ ನಡೆಯುತ್ತಿದೆ ಎನ್ನುವಷ್ಟು ಮುಗ್ಧ ನಾನಲ್ಲ. ಎಷ್ಟೋ ಕಡೆ ನವೆಂಬರ್ 14ರ ಹೂವಿನ ಹಾರ, ಬಿಸ್ಕತ್ತು, ಫೋಟೋ. ಆದರೂ ಒಂದು ಚೌಕಟ್ಟು ಇದೆ.

ಈ ಚೌಕಟ್ಟು ಹಳ್ಳಿಯಲ್ಲಿ ಏಕೆ ನಿಲ್ಲುತ್ತದೆ, ಪೇಟೆಯಲ್ಲಿ ಏಕೆ ಬೀಳುತ್ತದೆ? ಲೆಕ್ಕ ನೋಡಿ. 1993ರ ಪಂಚಾಯತ್ ರಾಜ್ ಕಾಯ್ದೆಯ ಪ್ರಕಾರ ನಮ್ಮಲ್ಲಿ ಒಂದು ಗ್ರಾಮ ಪಂಚಾಯಿತಿಗೆ ಸಾಮಾನ್ಯವಾಗಿ 5,000ದಿಂದ 7,000 ಜನ, ಸುಮಾರು 400 ಜನರಿಗೆ ಒಬ್ಬ ಸದಸ್ಯ. ಮಗು ಆ ಸದಸ್ಯನ ಮನೆಯ ನಾಯಿಯ ಹೆಸರನ್ನೂ ಬಲ್ಲದು. ಬೆಂಗಳೂರಿನಲ್ಲಿ 2011ರ ಜನಗಣತಿಯಂತೆ ಪಾಲಿಕೆಯ ಜನಸಂಖ್ಯೆ 84 ಲಕ್ಷದ ಮೇಲೆ, ವಾರ್ಡುಗಳು 198. ಭಾಗಿಸಿದರೆ 42 ಸಾವಿರಕ್ಕೂ ಹೆಚ್ಚು ಜನರಿಗೆ ಒಬ್ಬ ಸದಸ್ಯ. ನೂರು ಪಟ್ಟು! ಆ ಒಬ್ಬನೂ 2020ರ ಸೆಪ್ಟೆಂಬರಿನಲ್ಲಿ ಅವಧಿ ಮುಗಿಸಿ ಮನೆಗೆ ಹೋದ ಮೇಲೆ ವರ್ಷಗಟ್ಟಲೆ ಕುರ್ಚಿ ಖಾಲಿ ಉಳಿಯಿತು. 2025ರಲ್ಲಿ ಪಾಲಿಕೆ ಒಡೆದು ಐದು ಮಾಡಿದರು. ಐದಲ್ಲ, ಐವತ್ತು ಮಾಡಿದರೂ ವಾರ್ಡು ಗ್ರಾಮವಾಗುವುದಿಲ್ಲ.

ಸಂವಿಧಾನವನ್ನೇ ತೆರೆದು ನೋಡಿ. ಪಂಚಾಯಿತಿಗಳ 11ನೇ ಅನುಸೂಚಿಯಲ್ಲಿ 29 ವಿಷಯಗಳಿವೆ. ಅದರಲ್ಲಿ ಪ್ರಾಥಮಿಕ ಶಿಕ್ಷಣ ಇದೆ, ಗ್ರಂಥಾಲಯ ಇದೆ, ಮಹಿಳೆ ಮತ್ತು ಮಕ್ಕಳ ಅಭಿವೃದ್ಧಿ ಇದೆ. ನಗರಗಳ 12ನೇ ಅನುಸೂಚಿಯಲ್ಲಿ 18 ವಿಷಯ. ಉದ್ಯಾನ, ಆಟದ ಮೈದಾನ ಇದೆ. ಮಕ್ಕಳ ಅಭಿವೃದ್ಧಿ ಎಂಬ ಬಾಬ್ತೇ ಇಲ್ಲ. ಒಂದೇ ವರ್ಷ ಆದ ಎರಡು ತಿದ್ದುಪಡಿಗಳಲ್ಲಿ ಹಳ್ಳಿಯ ಮಗುವಿಗೆ ಒಂದು ಮನೆ ಸಿಕ್ಕಿತು, ಪೇಟೆಯ ಮಗುವಿಗೆ ಸಿಗಲಿಲ್ಲ.

ಇನ್ನೊಂದು ತೊಡಕು ಇದಕ್ಕಿಂತ ದೊಡ್ಡದು. ಹಳ್ಳಿಯಲ್ಲಿ ಶಾಲೆಯ ಸರಹದ್ದು, ಪಂಚಾಯಿತಿಯ ಸರಹದ್ದು ಹೆಚ್ಚುಕಡಿಮೆ ಒಂದೇ. ಮುಖ್ಯೋಪಾಧ್ಯಾಯರಿಗೆ ಒಂದು ಪತ್ರ ಹೋದರೆ ಸಭೆ ತುಂಬುತ್ತದೆ. ನಮ್ಮ ಓಣಿಯ ಮಕ್ಕಳು ಹತ್ತಾರು ಶಾಲೆಗಳಿಗೆ ಹರಿದು ಹೋಗುತ್ತವೆ. ಹಮಾಲಿಯ ಮಗ ಒಂದು ಕಡೆ, ಪ್ರೆಸ್ಸಿನಲ್ಲಿ ಕಾಗದ ಮಡಿಸುವವಳ ಮಗಳು ಒಂದು ಕಡೆ, ಅಂಗಡಿ ಸಾಹುಕಾರನ ಮಗ ವ್ಯಾನು ಹತ್ತಿ ಮತ್ತೊಂದು ದಿಕ್ಕಿಗೆ. ಕನ್ನಡ, ಉರ್ದು, ತಮಿಳು, ತೆಲುಗು, ಮಾರವಾಡಿ ಎಲ್ಲ ಒಂದೇ ಮೆಟ್ಟಿಲ ಮೇಲೆ. ಶಾಲೆಯ ಮೂಲಕ ಕರೆದರೆ ಇಲ್ಲಿಯ ಮಕ್ಕಳು ಯಾವತ್ತೂ ಒಟ್ಟಿಗೆ ಬರುವುದಿಲ್ಲ. ಬಂದರೂ ಕೇಳಿದ್ದನ್ನು ಮಾಡಿಕೊಡುವವರು ಯಾರು? ನೀರು ಜಲಮಂಡಳಿಯದು, ಕಂಬ ಬೆಸ್ಕಾಂನದು, ಚರಂಡಿ ಪಾಲಿಕೆಯದು, ಸರಕು ಗಾಡಿ ಸಂಚಾರ ಪೊಲೀಸರದು, ಅಂಗನವಾಡಿ ಇನ್ನೊಂದು ಇಲಾಖೆಯದು. ಹಳ್ಳಿಯ ಮಗು ಪಿಡಿಒ ಒಬ್ಬರನ್ನು ಕೇಳಿದರೆ ಸಾಕು. ಸುಲ್ತಾನ್‌ಪೇಟೆಯ ಮಗು ಐದು ಬಾಗಿಲು ತಟ್ಟಬೇಕು, ಐದರಲ್ಲೂ 'ನಮ್ಮದಲ್ಲ' ಎಂಬ ಹಿಂಬರಹ.

ಹಳ್ಳಿ, ಮಹಾನಗರ ಎರಡೇ ಅಲ್ಲ, ನಡುವೆ ಪಟ್ಟಣ ಪಂಚಾಯಿತಿಗಳಿವೆ. ನಿನ್ನೆಯವರೆಗೆ ಗ್ರಾಮ ಪಂಚಾಯಿತಿಯಾಗಿದ್ದ ಊರು ಹತ್ತು ಸಾವಿರ ಜನ ದಾಟಿ ಮೇಲ್ದರ್ಜೆಗೆ ಏರುತ್ತದೆ. ಬೀದಿ ಅದೇ, ಮಕ್ಕಳು ಅವೇ. ಆದರೆ ಗ್ರಾಮಸಭೆ ಹೋಯಿತು, ಅದರ ಜೊತೆ ಮಕ್ಕಳ ಗ್ರಾಮಸಭೆ ಹೋಯಿತು, ಉದ್ಯೋಗ ಖಾತ್ರಿ ಹೋಯಿತು, ಅದನ್ನು ನಂಬಿದ್ದ ಕೂಸಿನ ಮನೆಗೂ ಆಧಾರ ಹೋಯಿತು. ಬಡ್ತಿ ಎಂದು ಊರಿನವರು ಪಟಾಕಿ ಹೊಡೆಯುತ್ತಾರೆ. ಮಕ್ಕಳಿಗೆ ಅದು ಹಿಂಬಡ್ತಿ.

'ಒಂದೊಂದು ಕಡೆ ಒಂದೊಂದು ನಿಯಮ ಮಾಡಿದರೆ ಮಾನದಂಡವೇ ಉಳಿಯುವುದಿಲ್ಲ' ಎಂದು ಒಬ್ಬ ಹಿರಿಯ ಅಧಿಕಾರಿ ನನಗೆ ಪಾಠ ಹೇಳಿದರು. ಸ್ವಾಮಿ, ಕಾಂಕ್ರೀಟಿಗೆ ಐಎಸ್ 456 ಎಂಬ ಸಂಹಿತೆ ದೇಶಕ್ಕೆಲ್ಲ ಒಂದೇ. ಆದರೆ ಪಾಯ ಎಷ್ಟು ಆಳ ಎಂಬುದನ್ನು ಆ ಜಾಗದ ಮಣ್ಣು ಹೇಳುತ್ತದೆ. ಮಗುವಿನ ಮಾತಿಗೆ ಕಿವಿಗೊಡಬೇಕು, ಆಟಕ್ಕೆ ಎಡೆ ಕೊಡಬೇಕು ಎಂಬುದು ಮಾನದಂಡ; ಭಾರತ 1992ರಲ್ಲೇ ವಿಶ್ವಸಂಸ್ಥೆಯ ಮಕ್ಕಳ ಹಕ್ಕುಗಳ ಒಡಂಬಡಿಕೆಯನ್ನು ಒಪ್ಪಿದೆ. ಅದನ್ನು ಸಡಿಲಿಸಿ ಎಂದು ನಾನು ಹೇಳುತ್ತಿಲ್ಲ. ಇಟಲಿಯ ಫಾನೋ ಎಂಬ ಊರು 1991ರಲ್ಲಿ ಮಕ್ಕಳ ನಗರದ ಪ್ರಯೋಗ ಮಾಡಿತು. ಕೊಲಂಬಿಯಾದ ಬೊಗೋಟಾ 1974ರಿಂದ ಭಾನುವಾರಗಳಂದು ರಸ್ತೆಗಳನ್ನೇ ವಾಹನಗಳಿಂದ ಬಿಡಿಸಿ ಜನರಿಗೆ ಕೊಡುತ್ತಿದೆ. ಅವರು ಕುಂದಾಪುರದ ನಮೂನೆ ತುಂಬಲಿಲ್ಲ, ನಾವೂ ಅವರದನ್ನು ತುಂಬಬೇಕಿಲ್ಲ.

ನಮ್ಮ ಹಳೆಯ ಬೆಂಗಳೂರಿನೊಳಗೇ ಮಣ್ಣು ಬೇರೆ ಬೇರೆ. 1898ರ ಪ್ಲೇಗಿನ ಹೊಡೆತದ ನಂತರ ಗಾಳಿ ಬೆಳಕು ನೋಡಿ ಬಸವನಗುಡಿ, ಮಲ್ಲೇಶ್ವರ ಬಡಾವಣೆಗಳು ಬೆಳೆದವು. ಅಲ್ಲಿ ಪಾರ್ಕುಗಳಿವೆ, ಅಗಲ ರಸ್ತೆಗಳಿವೆ. ಇರುವುದನ್ನು ಉಳಿಸುವುದೇ ಕೆಲಸ, ಅದಕ್ಕೆ 1985ರ ಉದ್ಯಾನ ಕಾಯ್ದೆ ಸಾಕು. ಚಾಮರಾಜಪೇಟೆಯಲ್ಲಿ ಆರ್. ಕಲ್ಯಾಣಮ್ಮನವರು 1938ರಲ್ಲೇ ಮಕ್ಕಳ ಕೂಟ ಕಟ್ಟಿದರು. ಯಾವ ಸುತ್ತೋಲೆಯೂ ಇಲ್ಲದ ಕಾಲದಲ್ಲಿ ಒಬ್ಬ ಹೆಣ್ಣುಮಗಳು ತನ್ನ ನೆರೆಹೊರೆ ನೋಡಿ ಮಾಡಿದ ಕೆಲಸ ಅದು. ಆದರೆ ಕೆಂಪೇಗೌಡರ ಕಾಲದಿಂದ ವ್ಯಾಪಾರಕ್ಕೆಂದೇ ಬೆಳೆದ ಪೇಟೆಯೊಳಗೆ ಒಂದು ಗುಂಟೆ ಖಾಲಿ ಜಾಗ ತೋರಿಸಿ ನೋಡೋಣ. ಇಲ್ಲಿಗೆ ಬಂದು 'ಪ್ರತಿ ವಾರ್ಡಿಗೊಂದು ಮಕ್ಕಳ ಉದ್ಯಾನ' ಎಂದರೆ ಗೋಡೆಯ ಮೇಲೆ ಆನೆ, ನವಿಲು ಬರೆದು ಬಿಲ್ಲು ಮಾಡುವುದೇ ಆಗುತ್ತದೆ.

ನಮೂನೆಯನ್ನು ಪಕ್ಕಕ್ಕಿಟ್ಟು ಒಂದು ಭಾನುವಾರ ಓಣಿಯ ಮಕ್ಕಳನ್ನು ನಮ್ಮ ಮನೆಯ ಮೇಲ್ಮಹಡಿಗೆ ಕರೆದೆ. ಹತ್ತೊಂಬತ್ತು ಮಕ್ಕಳು ಬಂದರು. ಡ್ರಾಯಿಂಗ್ ಹಾಳೆ ಕೊಟ್ಟು, ದಿನವೂ ನಡೆಯುವ ದಾರಿಯನ್ನು ಬರೆಯಿರಿ ಎಂದೆ. ನನ್ನ ಊಹೆ, ಎಲ್ಲರೂ ಮೈದಾನ ಕೇಳುತ್ತಾರೆ ಎಂದು. ಇಬ್ಬರು ಮಾತ್ರ ಕೇಳಿದರು. ಉಳಿದವರು ಕೇಳಿದ್ದು ಬೇರೆ. ಬೆಳಿಗ್ಗೆ ಶಾಲೆಗೆ ಹೊರಡುವ ಹೊತ್ತಿಗೇ ಕಾಗದದ ರೀಮು ಇಳಿಸುವ ಗಾಡಿಗಳು ನಿಲ್ಲುತ್ತವೆ, ಗೋಡೆಗೂ ಗಾಡಿಗೂ ನಡುವೆ ಬ್ಯಾಗು ತೂರುವುದಿಲ್ಲ. ಅರ್ಧ ಗಂಟೆ ತಡೆದು ಇಳಿಸಲಿ. ಟ್ರಾನ್ಸ್‌ಫಾರ್ಮರ್ ಪಕ್ಕದ ದೀಪ ಉರಿಯುವುದಿಲ್ಲ. ಒಬ್ಬ ಹುಡುಗಿ ಆ ದೀಪದ ಜಾಗಕ್ಕೆ ಬರೀ ಕಪ್ಪು ಬಳಿದಿದ್ದಳು. ಸಂಜೆಯ ಟ್ಯೂಷನ್ ಬಿಟ್ಟು ಎರಡು ತಿಂಗಳಾಗಿತ್ತಂತೆ, ಮನೆಯಲ್ಲಿ ಕಾರಣ ಹೇಳಿರಲಿಲ್ಲ. ಪ್ರೆಸ್ಸಿನ ಸದ್ದಿಲ್ಲದೆ ಓದಲು ಒಂದು ಕೋಣೆ ಬೇಕು ಎಂದವರು ಏಳು ಮಂದಿ. ಆಸ್ತಿ ತೆರಿಗೆಯ ಜೊತೆ ಪ್ರತಿ ವರ್ಷ ಗ್ರಂಥಾಲಯ ಕರ ಕಟ್ಟುವ ನನಗೆ ಅವರ ಮುಖ ನೋಡಲಾಗಲಿಲ್ಲ.

ಇವಕ್ಕೆ ಕೋಟಿ ರೂಪಾಯಿ ಬೇಡ. ಬೇಕಾದದ್ದು ಇಷ್ಟು: ಪೇಟೆಯಲ್ಲಿ ವಾರ್ಡು ಮಟ್ಟದ ಸಭೆ ಬಿಡಿ, ಓಣಿ ಮಟ್ಟದ ಸಭೆ ಮಾಡಿ. ಶಾಲೆಯ ಮೂಲಕವಲ್ಲ, ಮನೆಯ ಮೂಲಕ ಕರೆಯಿರಿ. ಶಾಲೆಗೆ ಹೋಗದೆ ಅಂಗಡಿಯಲ್ಲಿ ನಿಂತ ಹುಡುಗನೂ ಆಗ ಬರುತ್ತಾನೆ. ಐದು ಇಲಾಖೆಗಳ ಕಿರಿಯ ಎಂಜಿನಿಯರುಗಳು, ಅಧಿಕಾರಿಗಳು ಒಂದೇ ದಿನ, ಒಂದೇ ಜಾಗದಲ್ಲಿ ಕೂರಲಿ. ಕೇಳಿದ್ದಕ್ಕೆ ತಿಂಗಳೊಳಗೆ ಆಗುತ್ತದೆ ಅಥವಾ ಆಗುವುದಿಲ್ಲ, ಆಗದಿದ್ದರೆ ಏಕೆ ಎಂದು ಮಕ್ಕಳಿಗೆ ತಿಳಿಯುವ ಕನ್ನಡದಲ್ಲಿ ಬರೆದು ಗೋಡೆಗೆ ಅಂಟಿಸಲಿ. ಪಟ್ಟಣ ಪಂಚಾಯಿತಿಗಳಲ್ಲಿ ಮೇಲ್ದರ್ಜೆಯ ಆದೇಶದಲ್ಲೇ ಮಕ್ಕಳ ಸಭೆ ಮುಂದುವರಿಯತಕ್ಕದ್ದು ಎಂಬ ಒಂದು ಸಾಲು ಸೇರಲಿ.

ಇನ್ನು ನಮ್ಮವರಿಗೇ ಒಂದು ಮಾತು. ಕಹಿಯಾದರೆ ಕ್ಷಮಿಸಬೇಕು. 2021ರ ಡಿಸೆಂಬರಿನಲ್ಲಿ ಕಲ್ಯಾಣ ಕರ್ನಾಟಕದ ಜಿಲ್ಲೆಗಳಲ್ಲಿ, ವಿಜಯಪುರದಲ್ಲಿ ಶಾಲಾ ಮಕ್ಕಳಿಗೆ ಮೊಟ್ಟೆ ಕೊಡಲು ಶುರುವಾಯಿತು. ಒಲ್ಲದವರಿಗೆ ಬಾಳೆಹಣ್ಣು. ಅಪೌಷ್ಟಿಕತೆ ಎಲ್ಲಿ ಹೆಚ್ಚೋ ಅಲ್ಲಿ ಮೊದಲು, ತಿನ್ನದವರಿಗೆ ಬದಲಿ: ಸರ್ಕಾರ ಅಪರೂಪಕ್ಕೆ ಮಣ್ಣು ಪರೀಕ್ಷೆ ಮಾಡಿ ಹಾಕಿದ ಪಾಯ ಅದು. ಅದಕ್ಕೆ ಅಡ್ಡ ನಿಂತ ದನಿಗಳಲ್ಲಿ ನಮ್ಮ ಮಠಗಳದೂ ಇತ್ತು. ಆಗ ಕೊಪ್ಪಳ ಜಿಲ್ಲೆಯ ಒಬ್ಬ ಶಾಲಾ ಹುಡುಗಿ ಎದ್ದು ನಿಂತು ತನಗೆ ಬೇಕು ಎಂದು ಕೇಳಿದಳು. ನಮ್ಮಲ್ಲಿ ಹಲವರು 'ಹುಡುಗಿಗೆ ಯಾರೋ ಹೇಳಿಕೊಟ್ಟಿದ್ದಾರೆ' ಎಂದರು. ಚನ್ನಬಸವಣ್ಣನವರು ಎಳೆಯ ವಯಸ್ಸಿನಲ್ಲೇ ಹಿರಿಯರ ನಡುವೆ ಮಾತನಾಡಿದರು ಎಂದು ಪ್ರತಿ ಉತ್ಸವದಲ್ಲೂ ಹೇಳುವವರು ನಾವು! ಉಣ್ಣುವ ಮಗುವನ್ನು ಬಿಟ್ಟು ಉಣ್ಣದ ದೊಡ್ಡವರನ್ನೇ ಕೇಳುವುದಾದರೆ ಯಾವ ಸಭೆ ಮಾಡಿ ಏನು ಪ್ರಯೋಜನ?

ದಾಸೋಹದಲ್ಲಿ ನಮ್ಮ ಮಠಗಳನ್ನು ಮೀರಿಸುವವರಿಲ್ಲ. ಸಾವಿರಾರು ಮಕ್ಕಳಿಗೆ ಅನ್ನ, ವಸತಿ, ವಿದ್ಯೆ ಕೊಟ್ಟ ಋಣ ನಾಡಿನ ಮೇಲಿದೆ. ಹಳ್ಳಿಯಿಂದ ಬಂದು ಮಠದ ಪ್ರಸಾದ ನಿಲಯದಲ್ಲಿ ಓದಿ ಎಂಜಿನಿಯರಾದವರು ನನ್ನ ಸಹಪಾಠಿಗಳಲ್ಲೇ ಹಲವರು. ಆದರೆ ಆ ನಿಲಯಗಳಲ್ಲಿ ಮಗು ತನ್ನ ಕೋಣೆಯ ಕಿಟಕಿ, ಶೌಚಾಲಯದ ಚಿಲಕ, ಮಲಗುವ ವೇಳೆಯ ಬಗ್ಗೆ ಬಾಯಿ ಬಿಡುವ ಒಂದು ಸಭೆ ಇದೆಯೇ? ನಗರದ ಶಾಖಾಮಠಗಳಲ್ಲಿ ಮದುವೆ ಮುಹೂರ್ತಕ್ಕೆ ಮಾತ್ರ ತೆರೆಯುವ ಸಭಾಂಗಣಗಳಿವೆ. ವಾರದ ದಿನಗಳಲ್ಲಿ ಸಂಜೆ ನಾಲ್ಕರಿಂದ ಏಳರವರೆಗೆ ಬೀಗ ತೆಗೆದರೆ, ಯಾವ ಜಾತಿ, ಯಾವ ಭಾಷೆ ಎಂದು ಕೇಳದೆ ಓಣಿಯ ಮಕ್ಕಳನ್ನು ಒಳಗೆ ಬಿಟ್ಟರೆ, ಪೇಟೆಯ ಮಟ್ಟಿಗೆ ಅದೇ ಓದುವ ಕೋಣೆ. ದೊಡ್ಡ ಮಠಕ್ಕೆ ಒಂದು ರೀತಿ, ಎರಡು ಕೋಣೆಯ ಶಾಖಾಮಠಕ್ಕೆ ಇನ್ನೊಂದು ರೀತಿ. ಇದಕ್ಕೂ ಯಾರಾದರೂ ಒಂದೇ ನಮೂನೆ ಅಚ್ಚು ಹಾಕಿಸಿ ಕಳಿಸಿದರೆ ನಾನು ವಿರೋಧಿಸುತ್ತೇನೆ.

ಮಕ್ಕಳ ಪಟ್ಟಿಯನ್ನು ಮೂರು ಕಚೇರಿಗಳಿಗೆ ಕೊಟ್ಟಿದ್ದೇನೆ. ಗಾಡಿಯ ವಿಷಯವನ್ನು ಅಂಗಡಿಯವರ ಜೊತೆ ಮಕ್ಕಳೇ ಮಾತನಾಡಿದರು. ನಾಲ್ವರಲ್ಲಿ ಮೂವರು ಒಪ್ಪಿ, ಈಗ ಒಂಬತ್ತರ ಮೇಲೆ ಇಳಿಸುತ್ತಾರೆ. ದೀಪಕ್ಕೆ ಇನ್ನೂ ಹಿಂಬರಹ ಬಂದಿಲ್ಲ. ನಮೂನೆಯನ್ನೂ ತುಂಬಿ ಕಳಿಸಿದೆ, ಜಾನುವಾರು ತೊಟ್ಟಿಯ ಮುಂದೆ 'ಅನ್ವಯಿಸುವುದಿಲ್ಲ, ದೀಪ ಬೇಕು' ಎಂದು ಬರೆದು. ತಿಂಗಳ ಎರಡನೇ ಭಾನುವಾರ ಬೆಳಿಗ್ಗೆ ಹತ್ತಕ್ಕೆ ಮತ್ತೆ ಸೇರುತ್ತೇವೆ. ಈ ಸಲ ಕಪ್ಪು ಬಳಿದ ಹುಡುಗಿಯೇ ಬರಹ ಬರೆದುಕೊಳ್ಳುತ್ತೇನೆ ಎಂದಿದ್ದಾಳೆ.