ಕಾನೂನು ಕಿವಿಮಾತು: ರಜೆ ಯಾವ ಊರಿನದು?

ಜತ್ತದ ಕಿರಾಣಿ ವ್ಯಾಪಾರಿಗಳಾದ ಹಿರಿಯರೊಬ್ಬರು ಪತ್ರ ಬರೆದಿದ್ದಾರೆ. ಅವರ ಮಗಳ ವಿಚ್ಛೇದನ ಬೆಳಗಾವಿಯ ನ್ಯಾಯಾಲಯದಲ್ಲಿ ಆಗಿದೆ. ಒಂಬತ್ತು ವರ್ಷದ ಮೊಮ್ಮಗಳು ತಾಯಿಯೊಡನೆ ಅಜ್ಜನ ಮನೆಯಲ್ಲಿದ್ದು ಜತ್ತದ ಶಾಲೆಗೆ ಹೋಗುತ್ತಾಳೆ. ತಂದೆ ಇರುವುದು ಹುಬ್ಬಳ್ಳಿಯಲ್ಲಿ. "ಬೇಸಿಗೆ ರಜೆಯ ಮೊದಲ ಅರ್ಧ ಮತ್ತು ದಸರಾ ರಜೆ ತಂದೆಯ ಬಳಿ" ಎಂದು ಆದೇಶದಲ್ಲಿದೆ.

ಏಪ್ರಿಲ್ ನಡುವೆ ತಂದೆ ಕರೆದೊಯ್ಯಲು ಬಂದರು. ಮಗುವಿನ ಪರೀಕ್ಷೆ ಮುಗಿದಿರಲಿಲ್ಲ. ದಸರೆಗೆ ಶಾಲೆ ಕೊಟ್ಟದ್ದು ಒಂದೇ ದಿನ ರಜೆ. "ಹಾಗಾದರೆ ದೀಪಾವಳಿಗೆ ಕಳಿಸಿ" ಎಂದರು ಅವರು. "ಆದೇಶದಲ್ಲಿ ದೀಪಾವಳಿ ಇಲ್ಲ" ಎಂದರು ಇವರು. ಮಾತು ಮುಗಿಯುವವರೆಗೂ ಮಗು ಬಟ್ಟೆ ತುಂಬಿದ ಚೀಲ ಹಿಡಿದು ಪಡಸಾಲೆಯಲ್ಲಿ ಕುಳಿತಿತ್ತಂತೆ. "ತಪ್ಪು ಯಾರದು?" ಎಂದು ಹಿರಿಯರು ಕೇಳಿದ್ದಾರೆ.

ಹಿರಿಯರೇ, ತೊಡಕು ಇರುವುದು ಆದೇಶದ ಮಾತಿನಲ್ಲಿ. ಕರ್ನಾಟಕದ ಶಾಲೆಗಳಿಗೆ ಬೇಸಿಗೆ ರಜೆ ಸಾಮಾನ್ಯವಾಗಿ ಏಪ್ರಿಲ್ ಎರಡನೆಯ ವಾರದಿಂದ ಮೇ ಕೊನೆಯವರೆಗೆ. ಮಹಾರಾಷ್ಟ್ರದಲ್ಲಿ ಮೇ ಆರಂಭದಿಂದ ಜೂನ್ ನಡುವಿನವರೆಗೆ. ನಡುವರ್ಷದ ದೊಡ್ಡ ರಜೆ ಅಲ್ಲಿ ದಸರೆಗೆ, ನಿಮ್ಮಲ್ಲಿ ದೀಪಾವಳಿಗೆ. ಬೆಳಗಾವಿಯಲ್ಲಿ ಬರೆದ ಆದೇಶ ಕರ್ನಾಟಕದ ರಜೆಯನ್ನು ಮನಸ್ಸಿನಲ್ಲಿಟ್ಟುಕೊಂಡಿರಬಹುದು.

ಯಾವ ಊರಿನ ರಜೆ ಎಂದು ಆದೇಶ ಹೇಳದಿದ್ದಾಗ ಮಗು ಓದುವ ಶಾಲೆಯ ರಜೆಯನ್ನು ಹಿಡಿಯುವುದು ನ್ಯಾಯ. ಆದ್ದರಿಂದ ಬೇಸಿಗೆಯ ವಿಷಯದಲ್ಲಿ ನೀವು ಸರಿ. ಆದರೆ ದೀಪಾವಳಿಯ ವಿಷಯದಲ್ಲಿ ತಂದೆಯ ಮಾತಿನಲ್ಲಿ ಹುರುಳಿದೆ. ನಡುವರ್ಷದಲ್ಲಿ ಮಗು ಕೆಲವು ದಿನ ತಂದೆಯ ಬಳಿ ಇರಲಿ ಎಂಬುದೇ ಆದೇಶದ ಉದ್ದೇಶವೆಂದು ಕಾಣುತ್ತದೆ. ಪದ ಹಿಡಿದು ಕುಳಿತರೆ ಆ ಉದ್ದೇಶ ಒಂದು ದಿನಕ್ಕೆ ಇಳಿಯುತ್ತದೆ. ಜೈನರಿಗೂ ಅನ್ವಯಿಸುವ 1956ರ ಹಿಂದೂ ಅಪ್ರಾಪ್ತ ವಯಸ್ಕರ ಮತ್ತು ಪಾಲಕತ್ವ ಕಾಯ್ದೆ ಮಗುವಿನ ಹಿತವೇ ಎಲ್ಲಕ್ಕೂ ಮೇಲು ಎನ್ನುತ್ತದೆ. ಮಗುವಿಗೆ ತಂದೆ ತಾಯಿ ಇಬ್ಬರ ಪ್ರೀತಿಯೂ ಬೇಕೆಂದು ಸುಪ್ರೀಂ ಕೋರ್ಟು 2020ರಲ್ಲಿ ಹೇಳಿದೆ.

ದೀಪಾವಳಿಯ ಅಮಾವಾಸ್ಯೆ ನಮ್ಮವರಿಗೆ ಮಹಾವೀರ ಸ್ವಾಮಿಯ ನಿರ್ವಾಣ ದಿನ. ನಿರ್ವಾಣ ಲಾಡು ಅರ್ಪಿಸುವಾಗ ಮಗು ತಮ್ಮೊಡನಿರಲಿ ಎಂದು ಎರಡೂ ಮನೆಯವರಿಗೆ ಆಸೆ. ಒಂದು ವರ್ಷ ಅಲ್ಲಿ, ಒಂದು ವರ್ಷ ಇಲ್ಲಿ ಎಂದು ಮಾಡಿಕೊಳ್ಳಿ.

ಬಾಯಿಮಾತಿನ ಉದ್ರಿ ಎಷ್ಟು ಜಗಳಕ್ಕೆ ಮೂಲವೆಂದು ವ್ಯಾಪಾರಸ್ಥರಿಗೆ ಹೇಳಬೇಕಾಗಿಲ್ಲ. ಜೂನಿನಲ್ಲಿ ಶಾಲೆ ತೆರೆದು ರಜಾ ಪಟ್ಟಿ ಸಿಕ್ಕೊಡನೆ ಅದರ ಪ್ರತಿಯನ್ನು ನಿಮ್ಮ ಮಗಳು ತಂದೆಯವರಿಗೆ ಕಳಿಸಲಿ. ಯಾವ ದಿನ, ಎಷ್ಟು ಗಂಟೆಗೆ, ಎಲ್ಲಿ ಮಗುವನ್ನು ಒಪ್ಪಿಸುವುದು, ಪ್ರಯಾಣದ ದಿನ ಯಾರ ಲೆಕ್ಕಕ್ಕೆ, ರಜೆಯ ದಿನಗಳು ಬೆಸವಾದರೆ ಉಳಿದ ಒಂದು ದಿನ ಯಾರಿಗೆ, ತಾಯಿ ಫೋನು ಮಾಡುವ ಹೊತ್ತು ಯಾವುದು, ಇಷ್ಟನ್ನೂ ಬರೆದು ಇಬ್ಬರೂ ಒಪ್ಪಿಕೊಳ್ಳಲಿ.

ಒಪ್ಪಿಗೆಯಾಗದಿದ್ದರೆ ಬೆಳಗಾವಿಯ ಅದೇ ನ್ಯಾಯಾಲಯಕ್ಕೆ ಸ್ಪಷ್ಟನೆ ಕೋರಿ ಅರ್ಜಿ ಕೊಡಬಹುದು. 1955ರ ಹಿಂದೂ ವಿವಾಹ ಕಾಯ್ದೆಯ 26ನೇ ಕಲಮಿನಂತೆ ಮಕ್ಕಳ ವಿಷಯದ ಏರ್ಪಾಡನ್ನು ಡಿಕ್ರಿಯ ನಂತರವೂ ಬದಲಿಸಲು ಅವಕಾಶವಿದೆ. ರಜೆಗೆ ಎರಡು ಮೂರು ತಿಂಗಳು ಮೊದಲೇ ವಕೀಲರನ್ನು ಕಾಣಿರಿ. ಹೊಸ ಆದೇಶ ಬರುವವರೆಗೆ ಹಳೆಯದನ್ನು ಪಾಲಿಸಲೇಬೇಕು. "ಕರ್ನಾಟಕದ ಆದೇಶ ಮಹಾರಾಷ್ಟ್ರದಲ್ಲಿ ನಡೆಯದು" ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಒಂದು ರಾಜ್ಯದ ಸಿವಿಲ್ ನ್ಯಾಯಾಲಯದ ಅಂತಿಮ ಆದೇಶವನ್ನು ದೇಶದಲ್ಲೆಲ್ಲ ಜಾರಿ ಮಾಡಬಹುದೆಂದು ಸಂವಿಧಾನದ 261ನೇ ವಿಧಿಯಲ್ಲೇ ಇದೆ. ಜೀವನಾಂಶ ಬಾಕಿಯಿದ್ದರೆ ಅದಕ್ಕೆ ಬೇರೆ ಅರ್ಜಿ ಹಾಕಿ. ಅದಕ್ಕಾಗಿ ಮಗುವನ್ನು ತಡೆಯಬೇಡಿ. ಮಗು ಒತ್ತೆಯಿಟ್ಟ ಒಡವೆಯಲ್ಲ.

ಕೊನೆಗೊಂದು ಮಾತು, ಹಿರಿಯರೇ. ಆದೇಶ ಇರುವುದು ತಂದೆ ತಾಯಿಯ ನಡುವೆ. ಬಾಗಿಲಲ್ಲಿ ನಿಂತು ಉತ್ತರ ಕೊಡುವ ಕೆಲಸ ನಿಮ್ಮದಲ್ಲ. ಮುಂದಿನ ಸಲ ಚೀಲ ತುಂಬುವ ಮೊದಲೇ ದೊಡ್ಡವರ ಮಾತು ಮುಗಿದಿರಲಿ. ಮೊಮ್ಮಗಳನ್ನು ನಗುಮುಖದಿಂದ ಕಳಿಸಿಕೊಡಿ.