ಬಯಲೇ ಮೊದಲ ಕನ್ನಡ ಶಾಲೆ

ಗಡಿನಾಡಿನ ಕನ್ನಡ ತಂದೆತಾಯಿಗಳೇ,

ಕನ್ನಡ ಬಾರದ ಅಧ್ಯಾಪಕರನ್ನು ಕನ್ನಡ ಮಾಧ್ಯಮದ ತರಗತಿಗೆ ನೇಮಿಸಿದಾಗ ನಾವು ಬೀದಿಗಿಳಿಯುತ್ತೇವೆ, ಇಳಿಯಲೇಬೇಕು. ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯ ಶಿಕ್ಷಣ ಸೌಲಭ್ಯ ಒದಗಿಸಲು ರಾಜ್ಯಗಳು ಯತ್ನಿಸಬೇಕೆಂದು ಸಂವಿಧಾನದ 350ಎ ವಿಧಿ 1956ರಿಂದಲೂ ಹೇಳುತ್ತಿದೆ. ಅದನ್ನು ಕೇಳುವುದು ಭಿಕ್ಷೆಯಲ್ಲ.

ಆದರೆ ಆ ವಿಧಿ ಮಾತನಾಡುವುದು ಪ್ರಾಥಮಿಕ ಹಂತದ ಕುರಿತು. ಮಗು ಒಂದನೆಯ ತರಗತಿಯ ಹೊಸ್ತಿಲು ತುಳಿಯುವುದಕ್ಕೆ ಮೊದಲಿನ ವರ್ಷಗಳ ಹೊಣೆ ಯಾರದು? ಆ ವರ್ಷಗಳನ್ನು ನಾವು ಶುಲ್ಕ ತೆತ್ತು ಇಂಗ್ಲಿಷ್ ಪ್ಲೇಸ್ಕೂಲಿಗೆ ಒಪ್ಪಿಸಿದ್ದೇವೆ. ಉಳಿದ ಹೊತ್ತನ್ನು ಮೊಬೈಲಿಗೆ ಬಿಟ್ಟಿದ್ದೇವೆ. ಐದು ವರ್ಷ ತುಂಬುವವರೆಗೆ ಹತ್ತು ಮರಗಳ ಹೆಸರನ್ನೂ ಕನ್ನಡದಲ್ಲಿ ಕೇಳದ ಮಗು ಕನ್ನಡ ಶಾಲೆಗೆ ಬರುವುದಾದರೂ ಹೇಗೆ? ಮಕ್ಕಳಿಲ್ಲವೆಂದು ಕನ್ನಡ ವಿಭಾಗವನ್ನು ಮುಚ್ಚುವ ಅಧಿಕಾರಿಗೆ ಆ ಕಾರಣವನ್ನು ಒದಗಿಸಿಕೊಟ್ಟವರು ನಾವೇ.

‘ಹಣವಿಲ್ಲ, ಸೌಕರ್ಯವಿಲ್ಲ’ ಎಂಬ ಮಾತು ಇಲ್ಲಿ ನಿಲ್ಲದು. ಎಳೆಯರಿಗೆ ಬೇಕಾದ ಪಾಠಶಾಲೆ ಮನೆಯ ಹೊರಗೇ ಇದೆ, ಅದಕ್ಕೆ ಶುಲ್ಕವಿಲ್ಲ.

ಕಾಸರಗೋಡನ್ನೇ ನೋಡಿ. ಮಳೆಗಾಲದಲ್ಲಿ ಮುರಕಲ್ಲಿನ ಪದವುಗಳ ಮೇಲೆ ತೆಳುವಾಗಿ ನೀರು ನಿಲ್ಲುತ್ತದೆ. ಮಲಯಾಳದಲ್ಲಿ ಕಾಕ್ಕಪ್ಪೂವು ಎನ್ನುವ ಸಣ್ಣ ನೀಲಿ ಹೂಗಳು ಅಲ್ಲಿ ಅರಳುತ್ತವೆ. ಕಣ್ಣಿಗೆ ಕಾಣದಷ್ಟು ಸಣ್ಣ ಜೀವಿಗಳನ್ನು ಹಿಡಿದು ತಿನ್ನುವ ಗಿಡವದು. ಇದನ್ನು ಕನ್ನಡದಲ್ಲಿ ಕೇಳಿದ ಮಗು ಮರೆತೀತೇ? ಗುಡ್ಡದ ಬದಿಯಲ್ಲಿ ಹಿರಿಯರು ಕೊರೆದ ಸುರಂಗದ ಮುಂದೆ, ಒಳಹೊಗದೆ, ಮಗುವನ್ನು ನಿಲ್ಲಿಸಿ. ಪಂಪಿಲ್ಲದೆ ನೀರು ಹೇಗೆ ಹರಿದುಬರುತ್ತಿದೆ ಎಂದು ಕೇಳಿ. ಮುರಕಲ್ಲಿನ ತೂತುಗಳಲ್ಲಿ ಇಂಗಿದ ಮಳೆನೀರು ಅಡಿಯ ಜೇಡಿಪದರದ ಮೇಲೆ ತಂಗಿ, ಸುರಂಗದ ಇಳಿಜಾರು ಹಿಡಿದು ಬರುತ್ತದೆಂದು ವಿವರಿಸಿ. ಯಾವ ಪ್ಲೇಸ್ಕೂಲು ಈ ಪಾಠ ಮಾಡುತ್ತದೆ?

ಚಂದ್ರಗಿರಿ ಹೊಳೆಯ ಉತ್ತರಭಾಗ ಅಂದಿನ ಮೈಸೂರು ರಾಜ್ಯಕ್ಕೆ ಸೇರಬೇಕೆಂದು 1967ರಲ್ಲಿ ಮಹಾಜನ ಆಯೋಗ ಹೇಳಿತು. ಅಂದಿನಿಂದ ಚಂದ್ರಗಿರಿ ನಮಗೆ ವರದಿಯೊಳಗಿನ ಒಂದು ಗೆರೆಯಾಗಿ ಉಳಿದಿದೆ. ಮಕ್ಕಳಿಗಾದರೂ ಅದು ಹೊಳೆಯಾಗಲಿ. ದಡದಲ್ಲಿ ಕೋಲು ನೆಟ್ಟು, ನೀರು ಎಲ್ಲಿಯವರೆಗೆ ಏರಿತು, ಎಲ್ಲಿಗೆ ಇಳಿಯಿತು ಎಂದು ನಿಮ್ಮೊಡನೆ ಗುರುತಿಡಲಿ. ಉಬ್ಬರ, ಇಳಿತ, ಅಳಿವೆ ಎಂಬ ಪದಗಳು ಆ ಸಂಜೆಯೇ ಅವರ ಸ್ವಂತವಾಗುತ್ತವೆ.

ಇನ್ನು ಬಯಲಾಟ. ಕುಂಬಳೆಯ ಪಾರ್ತಿಸುಬ್ಬನ ನಾಡಿನಲ್ಲಿ ಹರಕೆಯಾಟಕ್ಕೆ ಟಿಕೆಟ್ ಇಲ್ಲ. ಇಂಗ್ಲಿಷ್ ಪದ ನುಸುಳಿದರೆ ಸಭೆ ಸಹಿಸದ ಅರ್ಥಗಾರಿಕೆ ಅದು. ನಿದ್ದೆ ಬರುವವರೆಗಿನ ಒಂದು ಗಂಟೆ ಸಾಕು. ಮಗುವನ್ನು ಮಡಿಲಲ್ಲಿ ಕೂರಿಸಿಕೊಂಡು ನೋಡಿ.

‘ನಮ್ಮ ಮನೆಮಾತು ತುಳು, ಕೊಂಕಣಿ, ಮರಾಠಿ, ಕನ್ನಡ ಎಲ್ಲಿಂದ ಬರಬೇಕು?’ ಎನ್ನುವವರಿದ್ದಾರೆ. ಮನೆಮಾತು ಕನ್ನಡದ ವೈರಿಯಲ್ಲ. ಮರ, ಕಲ್ಲು, ನೀರು ತುಳುವಿಗೂ ಕನ್ನಡಕ್ಕೂ ಹೆಚ್ಚುಕಡಿಮೆ ಒಂದೇ. ಒಂದು ಗಿಡವನ್ನು ತೋರಿಸಿ ಎರಡೂ ಹೆಸರು ಹೇಳಿ. ನೆರೆಯವರ ಮಲಯಾಳದ ಹೆಸರೂ ಸೇರಲಿ. ಎಳವೆಯ ನಾಲಗೆಗೆ ಅದು ಹೊರೆಯಲ್ಲ.

ಇದು ಕಾಸರಗೋಡಿಗಷ್ಟೇ ಹೇಳಿದ ಮಾತಲ್ಲ. ಅಕ್ಕಲಕೋಟೆ, ಜತ್ತ ಸೀಮೆಯವರೇ, ಎಳ್ಳಮಾವಾಸ್ಯೆಗೆ ಚರಗ ಚೆಲ್ಲಲು ಹೊಲಕ್ಕೆ ಹೋಗುವಾಗ ಮಗುವಿಗೆ ಜೋಳ, ಕಡಲೆ, ಕುಸುಬೆಗಳ ಗುರುತು ಹಿಡಿಸಿ. ಮಡಕಶಿರೆಯವರೇ, ಹುಣಸೆಯ ಮರದಡಿ ಬಿದ್ದ ಬೀಜಗಳಿಂದಲೇ ಎಣಿಕೆ ಕಲಿಸಿ. ತಾಳವಾಡಿಯವರೇ, ರಾಗಿ ಹೊಲದ ಬದುವಿನಲ್ಲಿ ಹಕ್ಕಿಗಳ ಹೆಸರು ಹೇಳಿಕೊಡಿ.

ಎಚ್ಚರಿಕೆಯೂ ಬೇಕು. ಕೈಬಿಟ್ಟ ಕಲ್ಲುಕೋರೆಗಳಲ್ಲಿ ಮಳೆನೀರು ತುಂಬಿರುತ್ತದೆ; ಅವುಗಳ ಬಳಿ ಮಕ್ಕಳನ್ನು ಬಿಡಬೇಡಿ. ಹೊಳೆಯ ದಡದಲ್ಲಿ ಮಗುವಿನ ಕೈ ನಿಮ್ಮ ಕೈಯಲ್ಲೇ ಇರಲಿ.

ಇಂಗ್ಲಿಷ್ ಬೇಡವೆಂದು ನಾನು ಹೇಳುತ್ತಿಲ್ಲ. ರಾಜ್ಯಭಾಷೆ ಬೇಡವೆಂದೂ ಹೇಳುತ್ತಿಲ್ಲ. ಅವೆರಡನ್ನೂ ಕಲಿಸಲು ಸರಕಾರವಿದೆ, ಮಾರುಕಟ್ಟೆಯಿದೆ. ಎಳೆಯ ಮಗುವಿಗೆ ಕನ್ನಡ ಕಲಿಸಲು ನೀವಲ್ಲದೆ ಬೇರೆ ಯಾರೂ ಇಲ್ಲ.

ಆದುದರಿಂದ ಬರುವ ಭಾನುವಾರ ಎರಡು ಗಂಟೆ ಬಿಡುವು ಮಾಡಿಕೊಳ್ಳಿ. ನೆರೆಯ ಎರಡು ಮೂರು ಮನೆಯವರು ಜೊತೆಗೂಡಿ. ಗಿಡಮರ ಬಲ್ಲ ಅಜ್ಜನನ್ನೋ ಅಜ್ಜಿಯನ್ನೋ ಕರೆದೊಯ್ಯಿರಿ. ಮೊಬೈಲು ಕಿಸೆಯಲ್ಲಿರಲಿ. ಶಾಲೆ ತೆರೆಯುವ ದಿನ ಅದೇ ಮಗುವಿನ ಕೈಹಿಡಿದು ಕನ್ನಡ ಮಾಧ್ಯಮದ ಒಂದನೆಯ ತರಗತಿಗೆ ಸೇರಿಸಿ. ಅಲ್ಲಿ ಕನ್ನಡ ಬಲ್ಲ ಅಧ್ಯಾಪಕರಿಲ್ಲವಾದರೆ ಮತ್ತೆ ಬೀದಿಗಿಳಿಯೋಣ. ‘ಮಕ್ಕಳೆಲ್ಲಿ?’ ಎಂದು ಅಧಿಕಾರಿ ಕೇಳಿದಾಗ ಅಂದು ನಮ್ಮಲ್ಲಿ ಉತ್ತರವಿರುತ್ತದೆ.